ಬೆಟ್ಟದ ಗುಡಿಗೆ ಬಾಗಿಲು ಹಾಕಿಸಿದ್ದು

ದೀಪದ ಎಣ್ಣೆಯನ್ನು ಕರಡಿ ಕುಡಿದುಹೋಗುತ್ತಿದೆ ಎಂದು ಅತ್ತೆ ಮೊದಲ ಸಲ ಫೋನಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ಸುಲಭಕ್ಕೆ ನಂಬದಿರುವುದು ನನ್ನ ಅಭ್ಯಾಸ. ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ನಿಂತವಳು ನಾನು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಯಾವುದು ಬಂದರೂ ಗೆಲ್ಲುತ್ತಿದ್ದೆ. ಈಗ ಶ್ರೀರಂಗಪಟ್ಟಣದಲ್ಲಿ ಮಕ್ಕಳಿಗೆ ಅದನ್ನೇ ಕಲಿಸಿಕೊಂಡಿದ್ದೇನೆ.

"ಕರಡಿ ಕುಡೀತು ಅಂತ ಯಾರು ನೋಡಿದ್ರು ಅತ್ತೆ?" ಎಂದು ಕೇಳಿದೆ.

"ನೋಡದೇನ್ ಬಂತು, ಕ್ಯಾನ್ ಕಚ್ಚಿ ಬಿಸಾಕದೆ."

"ನಾಯಿ ಕಚ್ಚಿರಬಹುದು."

"ನಾಯಿ ಬೆಟ್ಟ ಅತ್ಕೊಂಡೋಗಿ ಎಣ್ಣೆ ಕುಡ್ದು, ದ್ಯಾವ್ರ್ ಮುಂದೇನೇ ಕಕ್ಕ ಮಾಡ್ ಬತ್ತದಾ? ಅದ್ರಲ್ಲಿ ಈಚ್ಲಣ್ಣಿನ ಬೀಜ ಇರ್ತದಾ? ಬಂದ್ ನೋಡು. ಎತ್ತಿ ಮಡಗಿವ್ನಿ ನಿಂಗೇಂತ್ಲೇಯ."

ಸಾಕ್ಷ್ಯವನ್ನು ಎತ್ತಿಟ್ಟುಕೊಂಡು ಕರೆಯುವವರನ್ನು ಅಲಕ್ಷಿಸುವಂತಿಲ್ಲ. ಆ ಭಾನುವಾರ ಶ್ರೀರಂಗಪಟ್ಟಣದ ಗಂಜಾಂನ ಮನೆಯಿಂದ ಹೊರಟೆ.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ಹೋದ ಊರು ಪಾಂಡವಪುರ ತಾಲ್ಲೂಕಿನ ಅಂಚಿನಲ್ಲಿ, ನಾಗಮಂಗಲದ ಕಡೆಗಿದೆ. ಕಾವೇರಿ ನಾಲೆ ಅಲ್ಲಿಗೆ ಹತ್ತುವುದಿಲ್ಲ. ನಮ್ಮ ಕಡೆಯ ಗದ್ದೆ, ಕಬ್ಬು ನೋಡಿ ಬೆಳೆದ ಕಣ್ಣಿಗೆ ಅದು ಬೇರೆ ಜಿಲ್ಲೆಯೇ ಅನ್ನಿಸುತ್ತದೆ: ರಾಗಿ, ಹುರುಳಿ, ಬೋರ್‌ವೆಲ್ ಇದ್ದವರ ಹೊಲದಲ್ಲಿ ಒಂದಿಷ್ಟು ತೆಂಗು, ಎಲ್ಲರ ಮನೆಯಲ್ಲೂ ಸೀಮೆಹಸು. ಊರ ಹಿಂದೆ ಬೋಳು ಬಂಡೆಯ ಬೆಟ್ಟ. ಅದರ ನೆತ್ತಿಯ ಮೇಲೆ ಕಲ್ಲುಚಪ್ಪಡಿಯ ಒಂದು ಗುಡಿ. ಮುಂದೆ ಪುಟ್ಟ ಮಂಟಪ, ಹಿಂದೆ ಕತ್ತಲ ಗರ್ಭಗುಡಿ, ಅದರಲ್ಲಿ ಊರಿನವರು ಬೆಟ್ಟದಯ್ಯ ಎಂದು ಕರೆಯುವ ಒಂದು ಉದ್ದನೆಯ ಕಲ್ಲು. ಗುಡಿಗೆ ಬಾಗಿಲು ಎಂಬುದೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಪೂಜಾರಿ ಬಂದು ಪೂಜೆ ಮಾಡಿ ಹೋಗುತ್ತಾರೆ. ಸಂಜೆಯ ದೀಪ ಊರಿನ ಮನೆಗಳದು, ವಾರಕ್ಕೊಂದು ಮನೆಯಂತೆ ಸರದಿ. ಅದನ್ನು ದೀಪದ ವಾರ ಎನ್ನುತ್ತಾರೆ. ದೀಪ ಇಡಲು ಹೋದವರು ಗರ್ಭಗುಡಿಯ ಹೊಸ್ತಿಲು ದಾಟಬಾರದು. ಒಳಗೆ ಇಣುಕಿಯೂ ನೋಡಬಾರದು. ತಲೆ ತಗ್ಗಿಸಿ ಹೊಸ್ತಿಲ ಮೇಲೆ ದೀಪವಿಟ್ಟು, ದೇವರಿಗೆ ಬೆನ್ನು ತೋರಿಸದೆ, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಮಂಟಪದಿಂದ ಈಚೆಗೆ ಬರಬೇಕು.

ನನಗೆ ಹದಿನಾಲ್ಕು ವರ್ಷವಿದ್ದಾಗ ಇದರ ಮೇಲೆ ಅತ್ತೆಯ ಜೊತೆ ಜಗಳ ತೆಗೆದಿದ್ದೆ. "ದೇವರನ್ನ ನೋಡೋಕೆ ಹೋಗೋದು. ನೋಡಬಾರದು ಅಂದ್ರೆ ಹೋಗೋದು ಯಾಕೆ?"

"ಸಂಜೆ ಒತ್ನಲ್ಲಿ ಅವ್ನು ಅವ್ನ್ ಪಾಡ್ಗಿರ್ತಾನೆ ಕಣಮ್ಮಿ. ನಿನ್ ರೂಮ್ಗೆ ಯಾರಾರ ಇಣುಕುದ್ರೆ ಸುಮ್ಕಿದ್ದೀಯಾ ನೀನು?"

ನನಗೆ ಉತ್ತರ ಹೊಳೆಯಲಿಲ್ಲ ಎಂದಲ್ಲ. ಹೊಳೆದದ್ದು ಬಸ್ಸು ಹತ್ತಿದ ಮೇಲೆ.

ಆ ಭಾನುವಾರ ಅತ್ತೆ ಎತ್ತಿಟ್ಟ ಸಾಕ್ಷ್ಯವನ್ನು ನೋಡಿದೆ. ಒಣಗಿದ ಹಿಕ್ಕೆ, ತುಂಬ ಈಚಲು ಬೀಜ. ಪ್ಲಾಸ್ಟಿಕ್ ಕ್ಯಾನಿನ ಮೇಲೆ ಸಾಲಾಗಿ ಹಲ್ಲಿನ ತೂತು. ಆ ಕ್ಯಾನು ಗುಡಿಯಲ್ಲೇ ಇರುತ್ತಿತ್ತು. ದಿನಾ ಎಣ್ಣೆ ಹೊತ್ತು ಬೆಟ್ಟ ಹತ್ತುವುದು ಯಾರಿಗೆ ಬೇಕು ಎಂದು ಊರಿನವರು ಐದು ಲೀಟರಿನ ಕ್ಯಾನನ್ನೇ ಮಂಟಪದ ಮೂಲೆಯಲ್ಲಿಟ್ಟಿದ್ದರು.

"ಈಗ್ಲಾದ್ರೂ ಒಪ್ಕತೀಯಾ?" ಎಂದರು ಅತ್ತೆ.

"ಕರಡಿ ಬಂದಿತ್ತು ಅಂತ ಒಪ್ತೀನಿ. ಎಣ್ಣೆ ಕುಡೀತು ಅಂತ ಅಲ್ಲ."

ಮಾವ ಹಟ್ಟಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದವರು ನಕ್ಕರು. "ಬುಡೇ ಅದ್ನ. ನಮ್ ಲಾಯರಮ್ಮುಂಗೆ ಕರಡಿನೇ ಬಂದು ಬಾಯ್ ಬುಟ್ಟು ಯೋಳ್ಬೇಕು."

ಬಾಯಿ ಬಿಟ್ಟು ಹೇಳದಿದ್ದರೂ ಅದು ಬಂತು. ಸಂಜೆ ಅತ್ತೆಯ ಜೊತೆ ಬೆಟ್ಟ ಹತ್ತಿದ್ದೆ. ದೀಪವಿಟ್ಟು, ಇಳಿಯುವ ದಾರಿಯ ಅರ್ಧದಲ್ಲಿರುವ ಬಸವನ ಕಲ್ಲಿನ ಹತ್ತಿರ ಉಸಿರು ಸುಧಾರಿಸಿಕೊಳ್ಳುತ್ತ ಕೂತಿದ್ದೆವು. ಅತ್ತೆ ನನ್ನ ಮೊಣಕೈ ಹಿಡಿದು ಒತ್ತಿದರು. ಎದುರಿನ ಇಳಿಜಾರಿನಲ್ಲಿ ಒಂದು ಹುತ್ತದ ಮುಂದೆ ಕರಿಯ ರಾಶಿಯೊಂದು ಅಲುಗುತ್ತಿತ್ತು. ಮೊದಲು ಕೇಳಿದ್ದು ಸದ್ದು. ಸೈಕಲ್ ಟ್ಯೂಬಿಗೆ ಯಾರೋ ಜೋರಾಗಿ ಪಂಪು ಹೊಡೆದ ಹಾಗೆ, ಫೂ ಎಂದು ಮಣ್ಣು ಊದುವುದು, ಮತ್ತೆ ಸೊರ್ರೆಂದು ಗೆದ್ದಲು ಹೀರುವುದು. ಅದು ತಲೆಯೆತ್ತಿದಾಗ ಎದೆಯ ಮೇಲಿನ ಬಿಳಿಯ ಪಟ್ಟೆ ಕಂಡಿತು. ಬೆನ್ನಿನ ಮೇಲೆ ಇನ್ನೊಂದು ತಲೆ. ಮರಿ ತಾಯಿಯ ಕೂದಲು ಹಿಡಿದುಕೊಂಡು, ಸಂತೆಗೆ ಹೊರಟವರ ಸ್ಕೂಟರಿನ ಹಿಂದೆ ಕೂತ ಮಗುವಿನಂತೆ ಅತ್ತಿತ್ತ ನೋಡುತ್ತಿತ್ತು.

ನನಗೆ ಅದಕ್ಕೂ ಮುಂಚಿನ ಒಂದೇ ಒಂದು ಕರಡಿ ಗೊತ್ತು. ಚಿಕ್ಕವಳಿದ್ದಾಗ ಗಂಜಾಂನ ಬೀದಿಗೆ ಕರಡಿ ಆಡಿಸುವವನೊಬ್ಬ ಬಂದಿದ್ದ. ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಮೇಲೆ ಕೂರಿಸಿದರೆ ಭಯ ಹೋಗುತ್ತದೆ ಎಂದು ನನ್ನನ್ನು ಕೂರಿಸಿದ್ದರು. ಅದರ ಕೂದಲು ಸೇರಿಸಿ ತಾಯಿತವನ್ನೂ ಕಟ್ಟಿದ್ದರು. ನನಗೆ ನೆನಪಿರುವುದು ಅದರ ಮೂಗಿನಲ್ಲಿ ತೂರಿಸಿದ್ದ ಹಗ್ಗ. ಹಗ್ಗ ಜಗ್ಗಿದಾಗಲೆಲ್ಲ ನನ್ನ ಕೆಳಗೆ ಅದರ ಚರ್ಮ ನಡುಗುತ್ತಿತ್ತು. ಇಷ್ಟು ಹೆದರಿದ ಪ್ರಾಣಿ ನನಗೆ ಧೈರ್ಯ ಹೇಗೆ ಕೊಡುತ್ತದೆ ಎಂದು ಆಮೇಲೆ ಮನೆಯಲ್ಲಿ ಕೇಳಿದ್ದೆನಂತೆ. ಅದೇ ನನ್ನ ಮೊದಲ ವಾದ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಬಸವನ ಕಲ್ಲಿನಿಂದ ಕಂಡ ಕರಡಿಗೆ ಹಗ್ಗವಿರಲಿಲ್ಲ. ಅದು ನಮ್ಮ ಕಡೆ ಮೂಗೆತ್ತಿ ಗಾಳಿ ಎಳೆದುಕೊಂಡಿತು. ಆಮೇಲೆ ಏನೂ ಅವಸರವಿಲ್ಲದೆ, ಹಿಂಗಾಲು ಒಳಕ್ಕೆ ತಿರುಗಿಸಿಕೊಂಡು ಗುಡಿಯ ಕಡೆಗೆ ಹತ್ತಿತು. ಅಲ್ಲಿಟ್ಟಿದ್ದ ಹೊಸ ಕ್ಯಾನು ಉರುಳಿದ ಸದ್ದು ಕೆಳಕ್ಕೆ ಚೆನ್ನಾಗಿ ಕೇಳಿಸಿತು. ಅತ್ತೆ ನನ್ನ ಮುಖ ನೋಡಿದರು, ಮಾತಾಡಲಿಲ್ಲ. ಅಷ್ಟರ ಮಟ್ಟಿಗೆ ಅವರು ದೊಡ್ಡವರು.

ಎರಡು ತಿಂಗಳಾದ ಮೇಲೆ, ರಾಗಿ ಕಳೆ ತೆಗೆಯುವ ಹೊತ್ತಿನಲ್ಲಿ, ಆ ಊರಿನ ಒಬ್ಬರ ಮೇಲೆ ಕರಡಿ ಬಿತ್ತು. ಬೆಟ್ಟದ ಬುಡದ ತೆಂಗಿನ ತೋಟದವರು. ಕರೆಂಟು ಬಂದಿದೆಯೆಂದು ಬೆಳಗಿನ ಜಾವ ಮೋಟರು ಹಾಕಲು ಹೋಗಿದ್ದರಂತೆ. ಎಡಗೆನ್ನೆ, ಹುಬ್ಬು, ನೆತ್ತಿಯವರೆಗೆ ಹರಿದಿತ್ತು. ಪಾಂಡವಪುರದಲ್ಲಿ ಕಟ್ಟು ಹಾಕಿ ಮೈಸೂರಿಗೆ ಕಳಿಸಿದರು. ಜೀವ ಉಳಿಯಿತು, ಕಣ್ಣೂ ಉಳಿಯಿತು.

ಆ ವಾರ ನಾನು ಅತ್ತೆಯ ಮನೆಯಲ್ಲಿದ್ದೆ. ಸಂಜೆ ಹಾಲು ಹಾಕಿದ ಮೇಲೆ ಡೇರಿಯ ಜಗುಲಿಯಲ್ಲಿ ಊರು ಸೇರಿತು. ಒಬ್ಬರು ಬೆಟ್ಟದ ಹುಲ್ಲಿಗೆ ಬೆಂಕಿ ಹಾಕೋಣ ಎಂದರು. ಇನ್ನೊಬ್ಬರು ಹಂದಿಗೆ ಕಟ್ಟುವ ಹಾಗೆ ಕ್ಲಚ್ ವೈರಿನ ಉರುಳು ಕಟ್ಟೋಣ ಎಂದರು. ಉರುಳಿಗೆ ಸಿಕ್ಕಿದ ಪ್ರಾಣಿಯನ್ನು ನಾನು ನೋಡಿದ್ದೇನೆ. ಎಳೆದಷ್ಟೂ ತಂತಿ ಸೊಂಟದೊಳಕ್ಕೆ ಇಳಿಯುತ್ತದೆ. ಎದ್ದು ನಿಂತೆ.

"ಕರಡಿ ಊರಿಗೆ ಬರ್ತಿರೋದು ನಮ್ಮನ್ನ ತಿನ್ನೋಕಲ್ಲ. ಎಣ್ಣೆಗೆ. ಎಣ್ಣೆ ಅಲ್ಲಿಟ್ಟೋರು ನಾವು. ಕ್ಯಾನ್ ಅಲ್ಲಿಂದ ತೆಗೀರಿ. ಗುಡಿಗೊಂದು ಕಬ್ಬಿಣದ ಬಾಗಿಲು ಹಾಕ್ಸಿ. ಕರಡಿಗೆ ಅಲ್ಲಿ ಕೆಲಸವೇ ಇರಲ್ಲ."

ಊರಿನ ಯಜಮಾನರಿಗೆ ಇದು ಹಿಡಿಸಲಿಲ್ಲ. "ದ್ಯಾವ್ರ್ಗೆ ಚಿಲ್ಕ ಆಕದಾ? ನಮ್ ತಾತನ್ ಕಾಲ್ದಿಂದ್ಲೂ ತೆರ್ದ ಗುಡಿ ಕಣವ್ವ ಅದು."

"ನಿಮ್ ತಾತನ್ ಕಾಲ್ದಲ್ಲಿ ಎಣ್ಣೆ ಕ್ಯಾನ್ ಅಲ್ಲಿರ್ತಿತ್ತಾ ಯಜಮಾನ್ರೆ?"

"ಎಲ್ಲಿ ಬಂತು ಕ್ಯಾನು? ಮನೇಯಿಂದ ಗಿಂಡೀಲಿ ತಗಂಡೋಗರು."

"ಹಂಗಾದ್ರೆ ಪದ್ಧತಿ ಮೊದಲು ಮುರಿದೋರು ಯಾರು? ಕರಡಿನಾ?"

ಜನ ಘೊಳ್ಳೆಂದು ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ಅದು ಬಂತೆಂದರೆ ಸಭೆ ನಮ್ಮದು. ಉಳಿದದ್ದನ್ನೂ ಒಪ್ಪಿಸಿಬಿಟ್ಟೆ. ಬಾಗಿಲಿನ ಕೆಳಗರ್ಧಕ್ಕೆ ತಗಡು ಹೊಡೆಸಬೇಕು, ಉಗುರು ತೂರದ ಹಾಗೆ. ಸೋಮವಾರ ಪೂಜೆಯಾದ ಮೇಲೆ ಭಕ್ತರಿಗೆಂದು ಸಂಜೆಯವರೆಗೆ ತೆರೆದಿರಲಿ, ದೀಪ ಇಟ್ಟವರು ಎಳೆದು ಚಿಲಕ ಹಾಕಿಬರಲಿ. ಬೆಟ್ಟ ಹತ್ತುವವರು ಜಾಗಟೆ ಬಡಿದುಕೊಂಡು ಹೋಗಲಿ, ಸದ್ದಿಗೆ ಕರಡಿ ಮುಂಚೆಯೇ ಸರಿದುಹೋಗುತ್ತದೆ. ತೋಟದವರ ವಿಷಯ ಬಂದಾಗ, "ಅವರು ಗೊತ್ತಿಲ್ಲದೆ ಅದರ ದಾರಿಗೆ ಅಡ್ಡ ಹೋಗಿದ್ದಾರೆ, ಅಷ್ಟೆ" ಎಂದೆ. ಅವರು ಆಗ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಅವರನ್ನು ನಾನು ಏನೂ ಕೇಳಿರಲಿಲ್ಲ. ಎದುರಾಳಿ ಎತ್ತದ ಪ್ರಶ್ನೆಗೆ ನಾವಾಗಿ ಉತ್ತರ ಹೇಳಬಾರದು ಎಂದು ಮಕ್ಕಳಿಗೆ ನಾನೇ ಪಾಠ ಹೇಳುತ್ತೇನೆ. ಅವತ್ತು ಯಾರೂ ಎತ್ತದ ಪ್ರಶ್ನೆ ಒಂದಿತ್ತು, ಅದು ನನಗೂ ಕಾಣಲಿಲ್ಲ.

ಪಾಂಡವಪುರದಿಂದ ವೆಲ್ಡಿಂಗ್‌ನವರು ಬಂದು ಮಂಟಪದ ಬಾಯಿಗೆ ಬಾಗಿಲು ಕೂರಿಸಿದರು. ಮಳೆ ಕಳೆಯುವಷ್ಟರಲ್ಲಿ ಅದು ಒಂದು ಕಡೆಗೆ ವಾಲಿತು. ತಳವನ್ನು ಪಾದದಲ್ಲಿ ಒಂದಿಷ್ಟು ಎತ್ತಿ ಹಿಡಿದರೆ ಮಾತ್ರ ಚಿಲಕ ಸರಿಯುತ್ತಿತ್ತು. ಅದೊಂದು ಬಿಟ್ಟರೆ ಎಲ್ಲ ನಾನು ಹೇಳಿದ ಹಾಗೆಯೇ ನಡೆಯಿತು. ಹಿಕ್ಕೆ ಇಲ್ಲ, ಕರಡಿ ಇಲ್ಲ. ಅತ್ತೆ ಫೋನಿನಲ್ಲಿ, "ಗೆದ್ಬುಟ್ಟೆ ಬುಡವ್ವ" ಎಂದಿದ್ದರು.

ಕಾರ್ತಿಕ ಬಂತು. ಕಾರ್ತಿಕದ ಸೋಮವಾರಗಳಲ್ಲಿ ಆ ಗುಡಿಗೆ ಒಂದಲ್ಲ, ಇಪ್ಪತ್ತು ಮೂವತ್ತು ಹಣತೆ ಹಚ್ಚುತ್ತಾರೆ. ಬೆಳಿಗ್ಗೆ ಹಚ್ಚಿದವು ಮಧ್ಯಾಹ್ನಕ್ಕೆ ಆರಿ, ಗರ್ಭಗುಡಿಯ ಒಳಸುತ್ತಿನಲ್ಲಿ ಅರ್ಧರ್ಧ ಎಣ್ಣೆ ಹಾಗೇ ಉಳಿಯುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಎರಡನೆಯ ಸೋಮವಾರ ದೀಪದ ವಾರ ಅತ್ತೆಯದು. ಮಂಗಳವಾರ ಬೆಳಿಗ್ಗೆ ಏಳೂವರೆಗೆ ಫೋನು ಬಂತು.

"ಅಮ್ಮಿ, ಗುಡಿಯೊಳ್ಗೆ ಮರಿ ಅದೆ."

"ಯಾವ ಮರಿ?"

"ಕರಡಿ ಮರಿ ಕಣಮ್ಮಿ. ರಾತ್ರೆಲ್ಲ ಕೂಗಿರ್ಬೇಕು. ಕುರಿಯೋರು ಈಗ ಬಂದ್ ಯೋಳುದ್ರು. ತಾಯಿ ಬಾಗ್ಲುನ್ ಕೆರೀತಾ ಅವ್ಳಂತೆ. ನಾನೇ ಕಣಮ್ಮಿ ಚಿಲ್ಕ ಆಕ್ದೋಳು. ನಾನ್ ಒಳಕ್ ನೋಡ್ನಿಲ್ಲ."

ಒಳಕ್ಕೆ ಅವರು ಹೇಗೆ ನೋಡಿಯಾರು? ನೋಡಬಾರದು. ಬಸ್ಸಿನಲ್ಲಿ ಕೂತು ಇಡೀ ಸಂಜೆಯನ್ನು ಮನಸ್ಸಿನಲ್ಲಿ ಕಟ್ಟಿ ನೋಡಿದೆ; ಪ್ರತಿಯೊಂದೂ ಸರಿಯಾಗಿ ಕೂತುಕೊಂಡಿತು. ನಾನು ಹೇಳಿದಂತೆ ಬಾಗಿಲು ಹಗಲೆಲ್ಲ ತೆರೆದಿತ್ತು. ಹಣತೆಯ ಎಣ್ಣೆಗೆ ಮರಿ ಒಳಗೆ ಹೋಗಿದೆ. ನಾನು ಹೇಳಿದಂತೆ ಅತ್ತೆ ಜಾಗಟೆ ಬಡಿದುಕೊಂಡು ಹತ್ತಿದ್ದಾರೆ. ಸದ್ದಿಗೆ ತಾಯಿ ಹೊರಗೆ ಸರಿದಿದೆ, ಮರಿ ಹೆದರಿ ದೇವರ ಕಲ್ಲಿನ ಹಿಂದೆ ಅಡಗಿದೆ. ಅತ್ತೆ ತಲೆ ತಗ್ಗಿಸಿ ದೀಪವಿಟ್ಟು, ಹಿಂದಹಿಂದಕ್ಕೆ ಬಂದು, ನಾನು ಹೇಳಿದಂತೆ ಚಿಲಕ ಎಳೆದಿದ್ದಾರೆ. ಇಣುಕಬಾರದು ಎಂಬ ನಿಯಮದ ಮೇಲೆ ವರ್ಷಗಟ್ಟಲೆ ವಾದ ಮಾಡಿದವಳು ನಾನು. ಬಾಗಿಲು ಹಾಕಿಸುವಾಗ ಅದೊಂದು ನೆನಪಾಗಲಿಲ್ಲ.

ಪಾಂಡವಪುರದಲ್ಲಿ ಬಸ್ಸು ಇಳಿದು ಆಟೊ ಹಿಡಿದೆ. ಮತ್ತೆ ಫೋನು ಮಾಡಿದರೆ ಮಾವ ಎತ್ತಿದರು. ಫಾರೆಸ್ಟಿನವರಿಗೆ ತಿಳಿಸಿದ್ದಾಯಿತು; ಕೆ.ಆರ್.ಪೇಟೆ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆಯೆಂದು ಹೋಗಿದ್ದಾರೆ, ಅಲ್ಲಿಂದ ಬರಬೇಕು. "ನಿಮ್ಮತ್ತೆ ನಾನೇ ಓಗಿ ತೆಗೀತೀನಿ ಅಂತಾವ್ಳೆ ಕಣವ್ವ. ನನ್ ಮಾತ್ ಕೇಳಾಕಿಲ್ಲ. ಬೇಗ್ ಬಾ."

ಬೆಟ್ಟದ ಬುಡದಲ್ಲಿ ಅಕ್ಕಪಕ್ಕದ ಊರಿನವರೂ ಸೇರಿದ್ದರು. ದೀಪಾವಳಿಯಲ್ಲಿ ಉಳಿದ ಪಟಾಕಿ ಕೆಲವರ ಕೈಯಲ್ಲಿ, ಫೋನು ಎಲ್ಲರ ಕೈಯಲ್ಲಿ. ಯಾರೋ ಒಂದು ಸರ ಹಚ್ಚುತ್ತಿದ್ದರು. ಮೇಲೆ ತಾಯಿಕರಡಿ ಬಂಡೆಯ ಮರೆಯಿಂದ ಓಡಿಬಂದು ಬಾಗಿಲ ಮುಂದೆ ಎರಡು ಕಾಲಿನ ಮೇಲೆ ಎದ್ದು ನಿಲ್ಲುತ್ತಿತ್ತು. ಜನ ಹೋ ಎನ್ನುತ್ತಿದ್ದರು. ಸದ್ದು ನಿಂತರೆ ಅದು ನಿಧಾನವಾಗಿ ಪಡುವಲ ಕಡೆಯ ನೆರಳಿಗೆ ಹೋಗುತ್ತಿತ್ತು. ಮತ್ತೆ ಪಟಾಕಿ. ನಡುನಡುವೆ ಒಳಗಿನಿಂದ ಒಂದು ದನಿ ಬರುತ್ತಿತ್ತು, ಎಳೆಗೂಸು ಅತ್ತು ಅತ್ತು ಗಂಟಲು ಕಟ್ಟಿದ ಹಾಗೆ. ಹಿಂದಿನ ಸಂಜೆಯಿಂದ ಅದಕ್ಕೆ ಒಂದು ಹನಿ ನೀರಿಲ್ಲ. ಬಿಸಿಲು ಏರುತ್ತಿತ್ತು, ಬಾಗಿಲಿಗೆ ನಾನು ಹೊಡೆಸಿದ ತಗಡು ದೂರದಿಂದಲೇ ಮಿಂಚುತ್ತಿತ್ತು.

ಅತ್ತೆ ಸೆರಗು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದರು. "ನಾನಾಕಿದ್ ಚಿಲ್ಕ. ನಾನೇ ತೆಗೀತೀನಿ."

"ಬಾಗಿಲು ಹಾಕ್ಸಿದ್ದು ನಾನು ಅತ್ತೆ. ತಪ್ಪು ನಂದು."

"ತಪ್ಪು ಯಾರ್ದಾರ ಆಗ್ಲಿ. ಅದುನ್ನ ತೆಗಿಯಾಕೆ ನಿಂಗ್ ಬತ್ತದಾ?"

ಬರುತ್ತಿರಲಿಲ್ಲ. ನಾನು ಆ ಚಿಲಕವನ್ನು ಒಂದು ಸಲವೂ ಮುಟ್ಟಿರಲಿಲ್ಲ.

ಗುಂಪಿನ ಕಡೆ ತಿರುಗಿ ಮಾತು ಶುರು ಮಾಡಿದೆ. ಸದ್ದು ಮಾಡಿದರೆ ತಾಯಿ ಬಾಗಿಲಿಗೆ ಬರುತ್ತದೆ, ಸುಮ್ಮನಿದ್ದರೆ ದೂರ ಹೋಗುತ್ತದೆ, ದೂರ ಹೋದರೆ ಮಾತ್ರ ಬಾಗಿಲು ತೆರೆಯಬಹುದು. ಇಷ್ಟು ನೇರವಾದ ವಾದವನ್ನು ನಾನು ಯಾವ ವೇದಿಕೆಯಲ್ಲೂ ಹೇಳಿರಲಿಲ್ಲ. ಯಾರೂ ಕೇಳಲಿಲ್ಲ.

"ಓದ್ಸಲಾನೂ ಇಂಗೇ ಬಾಸ್ಣ ಮಾಡ್ದೆ, ಏನಾಯ್ತು ನೋಡು!" ಎಂದಿತು ಒಂದು ದನಿ.

"ತಾಯಿ ಮರಿ ಎರಡ್ನೂ ಮುಗ್ಸುಬುಡಿ ಅತ್ಲಾಗೆ. ಇವ್ರ್ ಮಖ ನೋಡ್ಕಂಡಾದ್ರೂ ಮುಗ್ಸಿ," ಎಂದಿತು ಇನ್ನೊಂದು.

ಜನ ಸರಿದು ಜಾಗ ಬಿಟ್ಟರು. ತೋಟದವರು ಬಂದಿದ್ದರು. ಗಾಯ ಮಾಗಿತ್ತು. ಎಡಗೆನ್ನೆಯ ಮೇಲೆ ಹೊಲಿಗೆಯ ಗುರುತು ಗೋಣಿಚೀಲದ ಬಾಯಿ ಹೊಲಿದ ಹಾಗೆ, ಹುಬ್ಬು ಒಂದು ಕಡೆ ಮೇಲಕ್ಕೆ ಎಳೆದುಕೊಂಡಿತ್ತು. ಈ ಮುಖದ ಎದುರು ಯಾವ ವಾದ ನಿಲ್ಲುತ್ತದೆ?

ಅವರು ನನ್ನನ್ನೇ ನೋಡಿದರು. "ನೀನೇ ಏನವ್ವ, ನಾನು ಕರಡಿ ದಾರಿಗ್ ಅಡ್ಡ ಓದೆ ಅಂದೋಳು?"

"ಹೂಂ. ನಾನೇ."

"ನನ್ ಕೇಳಿದ್ಯಾ?"

"ಇಲ್ಲ."

"ಯಾರೂ ಕೇಳ್ನಿಲ್ಲ ಬುಡು." ಗುಂಪಿನ ಕಡೆ ತಿರುಗಿದರು. ದನಿ ದೊಡ್ಡದಿರಲಿಲ್ಲ, ಹೊಲಿಗೆ ಎಳೆಯುವುದರಿಂದ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. "ಅವತ್ತು ನಾನ್ ಮೋಟ್ರು ಆಕ್ತಿದ್ದೆ. ಅದು ತೋಟದ್ ಆ ಕಡೆ ಅದ್ರ್ ಪಾಡ್ಗೆ ಓಗ್ತಿತ್ತು. ರೋಡ್ನಲ್ಲಿ ಡೇರಿಗ್ ಓಗ್ತಿದ್ದ ಆಲ್ನೋರು ನೋಡ್ಬುಟ್ಟು ಕೂಗಾಕೆ ಶುರು ಅಚ್ಕಂಡ್ರು. ಅಟ್ಟುಸ್ಕಂಡು ಬಂದ್ರು. ಅದು ಎಲ್ಲೋಗ್ಬೇಕು? ತಪ್ಪುಸ್ಕಳಾಕೆ ನನ್ ಮೇಲೆ ಬಂತು. ನನ್ ಮಖ ಕೆರ್ದಿದ್ದು ಕರಡಿ. ಕರಡಿನ ನನ್ ಮೇಕ್ ಅಟ್ಟಿದ್ದು ನೀವು. ಯಾರ್ಯಾರು ಅಂತ ಯೋಳ್ಲಾ?"

ಮುಂದೆ ನಿಂತಿದ್ದ ಕೆಲವರು ಹಿಂದಕ್ಕೆ ಸರಿದರು.

"ಈಗ ಈ ಅಮ್ಮುನ್ ಮೇಕ್ ಅಟ್ಬೇಡ್ರಿ. ನಡೀರ್ಲಾ ಮನೆಗೆ." ಅವರು ಒಬ್ಬನ ಕೈಯಿಂದ ಪಟಾಕಿ ಸರ ಕಿತ್ತುಕೊಂಡು, ಪಂಚೆಯ ಮಡಿಲಿಗೆ ಹಾಕಿಕೊಂಡು, ಬೆಟ್ಟದ ದಾರಿಗೆ ಅಡ್ಡಲಾಗಿ ಕಲ್ಲಿನ ಮೇಲೆ ಕೂತುಬಿಟ್ಟರು. ಗುಂಪು ಒಂದೇ ಸಲ ಕರಗಲಿಲ್ಲ. ಗೊಣಗುತ್ತ, ತಿರುಗಿ ನೋಡುತ್ತ, ಒಬ್ಬೊಬ್ಬರಾಗಿ ಡೇರಿಯ ಕಡೆ ಸರಿದರು.

ಫಾರೆಸ್ಟಿನವರು ಬಂದಾಗ ಹನ್ನೊಂದು ದಾಟಿತ್ತು. ವಯಸ್ಸಾದ ಒಬ್ಬ ಗಾರ್ಡು, ಜೊತೆಗಿಬ್ಬರು. ಅವರು ಹಿಂದಿನಿಂದ ಬಂಡೆ ಹತ್ತಿ, ಗುಡಿಯ ಚಪ್ಪಡಿಯ ಮೇಲಿನಿಂದ ಉದ್ದನೆಯ ಕೊಕ್ಕೆ ಬಿಟ್ಟು ಚಿಲಕ ಎಳೆದರು. ಚಿಲಕ ಅಲುಗಲಿಲ್ಲ. ಕಬ್ಬಿಣದ ಕಿರ್ರೆನ್ನುವ ಸದ್ದಿಗೆ ತಾಯಿ ಓಡಿಬಂತು. ಮೂವರೂ ಮೇಲೆಯೇ ಕೂತು, ಅದು ಮತ್ತೆ ನೆರಳಿಗೆ ಹೋಗುವವರೆಗೂ ಕಾದು, ಇಳಿದುಬಂದರು. ಮರಿಯ ದನಿ ಅಷ್ಟರಲ್ಲಿ ನಿಂತುಹೋಗಿತ್ತು.

"ಬಾಗಿಲು ಎಲ್ಲೋ ಹಿಡ್ಕೊಂಡಿದೆ," ಎಂದರು ಗಾರ್ಡು.

"ಅದ್ನ ಕಾಲಲ್ ಎತ್ಬೇಕು ಸ್ವಾಮಿ. ಎಡಗಾಲ್ ಬೆಳ್ಳು ಸಂದೀಲ್ ಕೊಟ್ಟು ಒಂಚೂರು ಎತ್ಬುಟ್ಟು, ಆಗ ಎಳೀಬೇಕು. ನಿಮ್ಗಾಗಾಕಿಲ್ಲ, ಬೂಟಾಕಿದ್ದೀರಿ," ಎಂದರು ಅತ್ತೆ.

ಬೂಟು ಬಿಚ್ಚುತ್ತೇನೆ ಎಂದರು ಅವರು. ಎಷ್ಟು ಎತ್ತಬೇಕು, ಯಾವ ಕಡೆ ತಳ್ಳಬೇಕು ಎಂದು ಕೇಳಿದರು. ಅತ್ತೆ ಹೇಳಲು ನೋಡಿದರು; ಕಾಲಿಗೆ ರೂಢಿಯಾದ ಕೆಲಸವನ್ನು ಬಾಯಲ್ಲಿ ಹೇಳಲು ಆಗಲಿಲ್ಲ. ಗಾರ್ಡು ಸ್ವಲ್ಪ ಹೊತ್ತು ಅವರ ಪಾದವನ್ನೇ ನೋಡಿದರು. "ನನ್ನ ಹಿಂದೆ ಬನ್ನಿ. ನಾನು ಹೇಳಿದಾಗ ಮಾತ್ರ ಮುಂದಕ್ಕೆ. ಏನಾದರೂ ಓಡಬೇಡಿ. ಅದಕ್ಕೆ ಬೆನ್ನು ತೋರಿಸಬೇಡಿ."

"ಅಲ್ಲಿ ಬೆನ್ ತೋರ್ಸಿ ಅಭ್ಯಾಸ ಇಲ್ಲ ನಂಗೆ," ಎಂದರು ಅತ್ತೆ.

ಬೇಡ ಎನ್ನಲು ನನ್ನ ಹತ್ತಿರ ಹತ್ತು ಕಾರಣಗಳಿದ್ದವು. ಒಂದನ್ನೂ ಹೇಳಲಿಲ್ಲ.

ನಾನು, ಮಾವ ಬಸವನ ಕಲ್ಲಿನವರೆಗೆ ಹೋಗಿ ನಿಂತೆವು. ಮಾವ ಕನ್ನಡಕ ಮರೆತು ಬಂದಿದ್ದರು. ನನ್ನ ತೋಳು ಬಿಗಿಯಾಗಿ ಹಿಡಿದುಕೊಂಡರು. "ಎಲ್ಲವ್ಳೆ? ಯೋಳವ್ವ."

"ಮಂಟಪದ ಮುಂದೆ."

"ಕರಡಿ?"

"ಕಾಣ್ತಿಲ್ಲ."

"ಕಾಣ್ತಿಲ್ಲ ಅಂದ್ರೆ ಇಲ್ವಾ? ಅದೆಯಾ?"

"ಗೊತ್ತಿಲ್ಲ ಮಾವ."

ಅತ್ತೆಯ ಹಸಿರು ಸೀರೆ ಬಾಗಿಲಿಗೆ ಅಂಟಿದ ಹಾಗೆ ಕಾಣುತ್ತಿತ್ತು. ಬಗ್ಗಿದರು. ಚಿಲಕದ ಸದ್ದು ಇಲ್ಲಿಯವರೆಗೆ ಕೇಳಿಸಿತು, ಕಠ್ ಎಂದು ಒಂದೇ ಸಲ. ಪಡುವಲ ಬಂಡೆಯ ಮರೆಯಲ್ಲಿ ಕರಿಯದೊಂದು ಎದ್ದಿತು.

"ಬಂತು," ಎಂದೆ. ಮಾವ ಕೇಳಿದರೋ ಇಲ್ಲವೋ, ಅವರ ಉಗುರು ನನ್ನ ತೋಳಿಗಿಳಿಯಿತು.

ತಾಯಿ ನಾಲ್ಕು ಕಾಲಿನಲ್ಲಿ ಬಂದದ್ದು ಗುಡಿಯ ಮುಂದೆ ನಿಂತು ಎರಡು ಕಾಲಿನ ಮೇಲೆ ಎದ್ದಿತು. ಅತ್ತೆಗೂ ಅದಕ್ಕೂ ನಡುವೆ ಒಂದು ಎತ್ತಿನ ಗಾಡಿ ನಿಲ್ಲುವಷ್ಟು ಜಾಗ. ಗಾರ್ಡು ಕೈ ಚಾಚಿ ಅತ್ತೆಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಆಮೇಲೆ ಇಬ್ಬರೂ ಹಿಂದಹಿಂದಕ್ಕೆ ಹೆಜ್ಜೆ ಇಡತೊಡಗಿದರು. ಗಾರ್ಡು ಎಡವಿದರು. ಅತ್ತೆ ಎಡವಲಿಲ್ಲ. ತಲೆ ತಗ್ಗಿಸಿ, ಒಂದು ಪಾದದ ಹಿಂದೆ ಇನ್ನೊಂದು, ಯಾವ ಕಲ್ಲು ಎಲ್ಲಿದೆ ಎಂದು ಅಂಗಾಲಿಗೇ ಗೊತ್ತಿರುವ ಹಾಗೆ ಬಂದರು. ಕರಡಿ ಫೂ ಎಂದು ಊದಿತು. ಅದು ಅವರನ್ನು ನೋಡಿತು, ಬಾಗಿಲನ್ನು ನೋಡಿತು, ಮುಂಗಾಲು ಕೆಳಗಿಟ್ಟಿತು.

ಎಷ್ಟೋ ಹೊತ್ತು ತೆರೆದ ಬಾಗಿಲಿನಿಂದ ಏನೂ ಬರಲಿಲ್ಲ. ಸತ್ತಿದೆ ಎಂದುಕೊಂಡೆ. ತಾಯಿ ಮೂತಿಯನ್ನು ಒಳಗೆ ಚಾಚಿ ಗುರುಗುಟ್ಟಿತು. ಆಮೇಲೆ ಮರಿ ಹೊರಬಂತು, ಬಿಸಿಲಿಗೆ ಕಣ್ಣು ಕುಕ್ಕಿದ ಹಾಗೆ ತಡವರಿಸುತ್ತ. ಜೂನಿನಲ್ಲಿ ಕಂಡ ಮರಿಯಲ್ಲ, ಬೆಳೆದಿತ್ತು. ಆದರೂ ತಾಯಿಯ ಬೆನ್ನು ಹತ್ತಲು ನೋಡಿತು. ಹಿಂಗಾಲು ಎರಡೂ ಜೋತುಬಿದ್ದವು, ಆ ಬೆನ್ನು ಅದಕ್ಕೀಗ ಸಾಲುತ್ತಿರಲಿಲ್ಲ. ತಾಯಿ ಹಾಗೇ ಹೊತ್ತುಕೊಂಡು ಬಂಡೆಯ ಹಿಂದೆ ಇಳಿದುಹೋಯಿತು.

"ಏನಾಯ್ತು?" ಎಂದರು ಮಾವ.

"ಹೊತ್ಕೊಂಡು ಹೋಯ್ತು."

"ಯಾರ್ನ?" ಅವರು ಕಿರುಚಿಯೇಬಿಟ್ಟರು.

"ಮರೀನ ಮಾವ, ಮರೀನ. ಅತ್ತೆ ಬರ್ತಾವ್ರೆ."

ಆ ವಾರ ಡೇರಿಯ ಜಗುಲಿಯಲ್ಲಿ ಮತ್ತೆ ಸಭೆ ಸೇರಿತು. ಬಾಗಿಲು ಕೀಳಿಸಿದರು, ಅದೀಗ ಮಾವನ ಹಟ್ಟಿಗಿದೆ, ಅಲ್ಲೂ ಕಾಲಿನಿಂದ ಎತ್ತಿಯೇ ತೆಗೆಯಬೇಕು. ಎಣ್ಣೆಯನ್ನು ದಿನಾ ಮನೆಯಿಂದಲೇ, ಅವತ್ತಿಗೆ ಉರಿಯುವಷ್ಟು ಮಾತ್ರ ಗಿಂಡಿಯಲ್ಲಿ ಒಯ್ಯುವುದೆಂದು ಯಜಮಾನರು ಹೇಳಿದರು. ಕಾರ್ತಿಕದ ಹಣತೆಗಳನ್ನು ಬೆಟ್ಟದ ಬುಡದಲ್ಲೇ ಹಚ್ಚುವುದು. ಗರ್ಭಗುಡಿಯೊಳಗೆ ಟಾರ್ಚು ಬಿಟ್ಟು ನೋಡಬಹುದೇ ಎಂಬುದರ ಮೇಲೆ ದೊಡ್ಡ ಗಲಾಟೆ ನಡೆಯಿತು. ನಾನು ಅಲ್ಲೇ ಇದ್ದೆ. ತೋಟದವರು ಮಾತಾಡುವವರೆಗೂ ಬಾಯಿ ತೆರೆಯಲಿಲ್ಲ, ಅವರು ಮಾತಾಡಿದ ಮೇಲೆ ತೆರೆಯುವ ಅಗತ್ಯ ಬೀಳಲಿಲ್ಲ. "ನೋಡ್ಲಿ ಬುಡಿ," ಎಂದಿದ್ದರು ಅವರು. "ಬೆಟ್ಟದಯ್ಯನೇನ್ ಮಖ ಕೆರ್ಯಾಕಿಲ್ಲ."

ಅತ್ತೆಯ ದೀಪದ ವಾರ ಬಂದಾಗಲೆಲ್ಲ ನನ್ನ ಸಂಜೆ ಕೆಟ್ಟುಹೋಗುತ್ತದೆ. ಆರೂವರೆಗೆ ಮಕ್ಕಳ ಮುಂದೆ ನಿಂತು ಪಾಠ ಹೇಳುತ್ತಿದ್ದರೂ ಕಣ್ಣು ಮೇಜಿನ ಮೇಲಿನ ಫೋನಿನ ಮೇಲೆಯೇ ಇರುತ್ತದೆ. ಆರೂ ಮುಕ್ಕಾಲಾದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಿರುತ್ತೇನೆ. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಇಳಿದ ಮೇಲೆಯೇ ಮಾಡಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ.

ಮೊನ್ನೆ ಏಳಕ್ಕೆ ಐದು ನಿಮಿಷವಿದ್ದಾಗ ಬಂತು.

"ಇಣುಕ್ ನೋಡ್ದೆ ಕಣಮ್ಮಿ. ಅವ್ನೊಬ್ನೇ ಅವ್ನೆ."

"ಯಾಕೆ ಇಷ್ಟು ತಡ?"

"ಎಜ್ಜೆ ನೋಡ್ಕಂಡ್ ನಿಂತಿದ್ದೆ. ಮಂಟಪದ್ ಮುಂದೆ ಧೂಳಲ್ ಮೂಡಿತ್ತು, ಇವತ್ತಿಂದೇಯ. ದೊಡ್ಡುದ್ರದು. ಸಣ್ಣುದ್ ಮಾತ್ರ ಕಾಣ್ನಿಲ್ಲ. ಎಲ್ಲ ಕಡೆ ಹುಡುಕ್ದೆ."

ನಾಗಮಂಗಲದ ಕಡೆಯ ಹೊಲಗಳ ಬೇಲಿಯಲ್ಲಿ ಇನ್ನೂ ಉರುಳು ಕಟ್ಟುತ್ತಾರೆ. ಅದು ಅತ್ತೆಗೂ ಗೊತ್ತು, ನನಗೂ ಗೊತ್ತು.

"ಬೆನ್ ಮೇಲಿತ್ತೇನೋ ಅತ್ತೆ," ಎಂದೆ.

"ಅಷ್ಟ್ ದೊಡ್ಡದಾಗಿತ್ತಲ್ಲ."

"ಆದ್ರೂ ಹತ್ಕೊಂಡಿರುತ್ತೆ."

"ಯಾರ್ ನೋಡಿದ್ರವ್ವ?" ಎಂದರು ಅತ್ತೆ.

ಎದುರಿಗಿದ್ದ ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಫೋನಿನಲ್ಲಿ ಹಟ್ಟಿಯ ಬಾಗಿಲನ್ನು ಯಾರೋ ಕಾಲಿನಿಂದ ಎತ್ತಿ ತೆಗೆದ ಸದ್ದು.

"ಇದ್ರೂ ಇರ್ಬೋದು ಬುಡು," ಎಂದು ಅವರೇ ಹೇಳಿ, ಹಾಲಿನ ಕ್ಯಾನು ತೊಳೆಯಬೇಕು ಎಂದು ಫೋನಿಟ್ಟರು.